ಕೇಳಲಾರದವರಿಗೆ ಸಲ್ಲಬೇಕಾದದ್ದು: ಮಕ್ಕಳ ಕಣ್ಣಿನ ಪರೀಕ್ಷೆಯ ಧರ್ಮವಿಚಾರ

ಮನುಷ್ಯ ಮನುಷ್ಯನಿಗೆ ಸಲ್ಲಿಸಬೇಕಾದ ಕರ್ತವ್ಯವನ್ನು ವಿವೇಚಿಸುವ ಧರ್ಮಗ್ರಂಥಗಳು ಬಹುಮಟ್ಟಿಗೆ ಬೇಡುವವನೊಬ್ಬ, ನೀಡುವವನೊಬ್ಬ ಎಂಬ ಸಂಬಂಧವನ್ನು ಮುಂದಿಟ್ಟುಕೊಂಡೇ ಮಾತನಾಡುತ್ತವೆ. ಹಸಿದವನು ಅನ್ನ ಬೇಡುತ್ತಾನೆ, ರೋಗಿ ನೋವು ಹೇಳಿಕೊಳ್ಳುತ್ತಾನೆ, ಅನ್ಯಾಯಕ್ಕೆ ಒಳಗಾದವನು ದೂರು ಕೊಡುತ್ತಾನೆ, ಆ ಮೊರೆಗೆ ಓಗೊಡುವುದು ಧರ್ಮವೆನಿಸುತ್ತದೆ. ತನಗೊಂದು ಕೊರತೆಯಿದೆ ಎಂಬುದನ್ನೇ ಅರಿಯಲಾರದ, ಆ ಕಾರಣದಿಂದ ಎಂದೂ ಬೇಡಲಾರದ ಜೀವದ ವಿಷಯದಲ್ಲಿ ಕರ್ತವ್ಯವು ಎಲ್ಲಿಂದ ಹುಟ್ಟುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಗಮನ ದೊರೆತಿಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಶಾಲೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಬುದ್ಧಿ ಬಂದಾಗಿನಿಂದಲೂ ದೂರದ್ದನ್ನೆಲ್ಲ ಮಂಜಾಗಿಯೇ ಕಂಡ ಮಗುವು ಈ ಪ್ರಶ್ನೆಯನ್ನು ನೇರವಾಗಿ ಎದುರಿಗೆ ತಂದು ನಿಲ್ಲಿಸುತ್ತದೆ, ಏಕೆಂದರೆ ಆ ಮಗುವಿಗೆ ತನ್ನ ನೋಟ ಮಂಜಾಗಿದೆ ಎಂದು ಅನಿಸುವುದೇ ಇಲ್ಲ. ಕರಿಹಲಗೆಯ ಅಕ್ಷರಗಳು ಎಲ್ಲರಿಗೂ ಹಾಗೆಯೇ ಕಾಣುತ್ತವೆ ಎಂದೇ ಅದು ತಿಳಿದಿರುತ್ತದೆ.

ಕಣ್ಣಿನ ಅರಿವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ವಿಚಾರದಲ್ಲಿ ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿವೆ. ಇಂದ್ರಿಯಕ್ಕೂ ವಸ್ತುವಿಗೂ ಸಂಪರ್ಕ ಉಂಟಾದಾಗ ಹುಟ್ಟುವ, ತಪ್ಪಿಲ್ಲದ, ನಿಶ್ಚಿತವಾದ ಅರಿವನ್ನು ನ್ಯಾಯದರ್ಶನವು ಪ್ರತ್ಯಕ್ಷವೆಂದು ಕರೆಯುತ್ತದೆ; ತಪ್ಪಿಲ್ಲದ ಎಂಬ ವಿಶೇಷಣವನ್ನು ಸೇರಿಸಬೇಕಾಗಿ ಬಂದದ್ದು ಕಣ್ಣು ತಪ್ಪುತ್ತದೆ ಎಂಬ ಎಚ್ಚರದಿಂದಲೇ. ತಿಮಿರವೆಂಬ ನೇತ್ರರೋಗವುಳ್ಳವನು ಆಕಾಶದಲ್ಲಿ ಎರಡು ಚಂದ್ರರನ್ನು ಕಾಣುತ್ತಾನೆಂಬ ದೃಷ್ಟಾಂತವು ಬೌದ್ಧ, ಮೀಮಾಂಸಕ, ವೇದಾಂತಿಗಳೆಲ್ಲರ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಬೌದ್ಧ ತಾರ್ಕಿಕ ಧರ್ಮಕೀರ್ತಿಯು ಭ್ರಮೆಯ ಕಾರಣಗಳನ್ನು ಎಣಿಸುವಾಗ ಮೊದಲು ಹೆಸರಿಸುವುದೂ ತಿಮಿರವನ್ನೇ. ಹೀಗೆ ದರ್ಶನಕಾರರ ಕೈಯಲ್ಲಿ ರೋಗಿಷ್ಠ ಕಣ್ಣು ಒಂದು ತಾರ್ಕಿಕ ಸಾಧನವಾಯಿತು, ಆದರೆ ಆ ಕಣ್ಣುಳ್ಳವನಿಗೆ ತನ್ನ ದೋಷ ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆಯೇ ಇಲ್ಲಿನ ವಿಚಾರಕ್ಕೆ ಹೆಚ್ಚು ಹತ್ತಿರವಾದದ್ದು.

ಈ ಪ್ರಶ್ನೆಗೆ ಮೀಮಾಂಸಕರು ಕೊಟ್ಟ ಉತ್ತರ ಸ್ವತಃಪ್ರಾಮಾಣ್ಯವಾದ, ಎಂದರೆ ಅರಿವು ಹುಟ್ಟುತ್ತಲೇ ತನ್ನನ್ನು ತಾನು ನಂಬುತ್ತದೆ, ಅದನ್ನು ಸುಳ್ಳೆಂದು ತೋರಿಸುವ ಕಾರಣ ಎದುರಾಗುವವರೆಗೆ ಅದು ಪ್ರಮಾಣವಾಗಿಯೇ ಉಳಿಯುತ್ತದೆ ಎಂಬ ನಿಲುವು. ಅಂಥ ಕಾರಣಗಳು ಎರಡೇ ಎಂದು ಶಬರಸ್ವಾಮಿಯ ಭಾಷ್ಯವೂ ಅದನ್ನು ಬೆಳೆಸಿದ ಕುಮಾರಿಲ ಭಟ್ಟನೂ ಹೇಳುತ್ತಾರೆ: ಒಂದು, ಅರಿವನ್ನು ಹುಟ್ಟಿಸಿದ ಸಾಧನದಲ್ಲೇ ದೋಷವಿದೆಯೆಂದು ತಿಳಿಯುವುದು, ಇದು ಕಾರಣದೋಷ, ಇನ್ನೊಂದು, ಮೊದಲ ಅರಿವನ್ನು ಅಲ್ಲಗಳೆಯುವ ಮತ್ತೊಂದು ಅರಿವು ಹುಟ್ಟುವುದು, ಇದು ಬಾಧಕಪ್ರತ್ಯಯ. ಮುಪ್ಪಿನಲ್ಲಿ ಪೊರೆ ಬಂದ ಹಿರಿಯರಿಗೆ ಈ ಎರಡನೆಯದು ತಾನಾಗಿ ದೊರೆಯುತ್ತದೆ, ಏಕೆಂದರೆ ನಿನ್ನೆ ಸ್ಪಷ್ಟವಾಗಿ ಕಂಡ ದಾರಿ ಇಂದು ಕಾಣದಿದ್ದಾಗ ನೆನಪೇ ಎದ್ದು ನಿಂತು ಇಂದಿನ ನೋಟವನ್ನು ಅಲ್ಲಗಳೆಯುತ್ತದೆ. ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ಹೋಗಿ ಸಾಮೂಹಿಕ ಶಸ್ತ್ರಚಿಕಿತ್ಸಾ ಶಿಬಿರಗಳನ್ನು ನಡೆಸಿ, 1968ರಲ್ಲಿ ಪದ್ಮಭೂಷಣ ಗೌರವ ಪಡೆದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರ ಶಿಬಿರಗಳಿಗೆ ಜನ ಸಾವಿರಗಟ್ಟಲೆ ಹುಡುಕಿಕೊಂಡು ಬಂದದ್ದು ಕಳೆದುಕೊಂಡದ್ದೇನೆಂದು ಅವರಿಗೆ ಗೊತ್ತಿದ್ದುದರಿಂದ. ಮಗುವಿನ ಬಳಿ ಅಂಥ ನೆನಪಿಲ್ಲ. ಸ್ಪಷ್ಟವಾದ ನೋಟ ಅದಕ್ಕೆ ಎಂದೂ ಇರಲಿಲ್ಲ, ಇಲ್ಲವೇ ವರ್ಷಗಳ ಕಾಲ ಎಷ್ಟು ನಿಧಾನವಾಗಿ ಕರಗಿತೆಂದರೆ ಯಾವ ದಿನವೂ ಹಿಂದಿನ ದಿನವನ್ನು ಅಲ್ಲಗಳೆಯಲಿಲ್ಲ. ನೈಯಾಯಿಕರಾದರೋ ಅರಿವಿನ ಸತ್ಯತೆ ಅದರ ಹೊರಗಿನ ಆಧಾರದಿಂದಲೇ ತಿಳಿಯಬೇಕೆಂದು ವಾದಿಸಿದರು, ಇದಕ್ಕೆ ಪರತಃಪ್ರಾಮಾಣ್ಯವೆಂದು ಹೆಸರು. ಬೇರೆಲ್ಲೆಡೆ ಪರಸ್ಪರ ಎದುರಾಳಿಗಳಾದ ಈ ಎರಡು ಪಕ್ಷಗಳು ಮಗುವಿನ ಕಣ್ಣಿನ ವಿಷಯದಲ್ಲಿ ಒಂದೇ ಕಡೆಗೆ ಬಂದು ಸೇರುತ್ತವೆ: ಮೀಮಾಂಸೆಯ ಪ್ರಕಾರ ಮಗು ತನ್ನ ಕಣ್ಣನ್ನು ನಂಬಿದ್ದರಲ್ಲಿ ತಪ್ಪೇನೂ ಇಲ್ಲ, ನ್ಯಾಯದ ಪ್ರಕಾರ ಆ ಕಣ್ಣು ನಂಬಿಕೆಗೆ ತಕ್ಕುದೇ ಎಂಬುದನ್ನು ಹೊರಗಿನವರೇ ನೋಡಿ ಹೇಳಬೇಕು. ಬೇಡಿಕೆ ಬರಲಿ ಎಂದು ಕಾಯುವುದಕ್ಕೆ ಇಲ್ಲಿ ಅವಕಾಶವೇ ಉಳಿಯುವುದಿಲ್ಲ.

ವೈದ್ಯಶಾಸ್ತ್ರವು ಈ ತರ್ಕಕ್ಕೆ ಕಾಲದ ಒತ್ತಡವನ್ನೂ ಸೇರಿಸುತ್ತದೆ. ಮಂದದೃಷ್ಟಿ ಅಥವಾ ಸೋಮಾರಿ ಕಣ್ಣು ಎಂದು ಕರೆಯುವ ಸ್ಥಿತಿಯಲ್ಲಿ ಒಂದು ಕಣ್ಣಿನಿಂದ ಬರುವ ಚಿತ್ರ ಮಸುಕಾಗಿರುವುದರಿಂದಲೋ, ಮೆಳ್ಳೆಗಣ್ಣಿನ ಕಾರಣ ಎರಡು ಕಣ್ಣುಗಳ ಚಿತ್ರಗಳು ಹೊಂದದಿರುವುದರಿಂದಲೋ ಮೆದುಳು ಆ ಕಣ್ಣನ್ನು ಕ್ರಮೇಣ ಕೈಬಿಡುತ್ತದೆ, ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ಮಗುವಿಗಾಗಲಿ ಮನೆಯವರಿಗಾಗಲಿ ಸುಳಿವೇ ಸಿಗುವುದಿಲ್ಲ. ಏಳೆಂಟು ವರ್ಷದೊಳಗೆ ಪತ್ತೆಯಾದರೆ ಕನ್ನಡಕದಿಂದಲೂ, ಒಳ್ಳೆಯ ಕಣ್ಣಿಗೆ ದಿನದಲ್ಲಿ ಕೆಲ ಹೊತ್ತು ಪಟ್ಟಿ ಕಟ್ಟಿ ಸೋತ ಕಣ್ಣಿಗೆ ಕೆಲಸ ಕೊಡುವುದರಿಂದಲೂ ನೋಟವನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದು. ವಯಸ್ಸು ಮೀರಿದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ತಿಂಗಳು ತುಂಬುವ ಮುನ್ನ ಹುಟ್ಟಿದ, ತೂಕ ತೀರ ಕಡಿಮೆಯಿರುವ ಕೂಸುಗಳ ಅಕ್ಷಿಪಟಲದಲ್ಲಿ, ಎಂದರೆ ಬೆಳಕನ್ನು ಗ್ರಹಿಸುವ ಒಳಪದರದಲ್ಲಿ, ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಕುರುಡು ತರುವ ರೋಗಕ್ಕಂತೂ ಗಡುವು ವಾರಗಳ ಲೆಕ್ಕದ್ದು, ಜನನದ ನಂತರ ಮೂವತ್ತು ದಿನದೊಳಗೆ ಮೊದಲ ತಪಾಸಣೆ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮವು ತರಬೇತಿ ಪಡೆದ ತಂತ್ರಜ್ಞರನ್ನು ಕ್ಯಾಮೆರಾ ಸಹಿತ ಜಿಲ್ಲೆಗಳ ಆಸ್ಪತ್ರೆಗಳಿಗೆ ಕಳಿಸಿ, ಚಿತ್ರಗಳನ್ನು ದೂರದ ತಜ್ಞರು ನೋಡುವ ವ್ಯವಸ್ಥೆ ಮಾಡಿ, ಈ ಗಡುವನ್ನು ಹಳ್ಳಿಯ ಕೂಸುಗಳಿಗೂ ಎಟುಕುವಂತೆ ಮಾಡಿದ ಪ್ರಯತ್ನ. ಶಾಲಾ ವಯಸ್ಸಿನಲ್ಲಿ ಕಾಣಿಸುವ ಸಮೀಪದೃಷ್ಟಿಯು, ಎಂದರೆ ಹತ್ತಿರದ್ದು ಕಂಡು ದೂರದ್ದು ಮಸುಕಾಗುವ ದೋಷವು, ಕಣ್ಣುಗುಡ್ಡೆ ಉದ್ದವಾಗುತ್ತ ಹೋದಂತೆ ವರ್ಷದಿಂದ ವರ್ಷಕ್ಕೆ ಹೆಚ್ಚುವುದರಿಂದ, ಮೂರನೆಯ ತರಗತಿಯಲ್ಲಿ ಸರಿಯಿದೆ ಎಂದ ಕಣ್ಣು ಐದನೆಯ ತರಗತಿಯಲ್ಲಿ ಸರಿಯಿರಬೇಕೆಂದಿಲ್ಲ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರ ಕಾಲದಿಂದ ಬಾಳಿದ ಜೈನ ಪರಂಪರೆಯ ಸ್ಯಾದ್ವಾದವು ಪ್ರತಿಯೊಂದು ಹೇಳಿಕೆಯೂ ಒಂದು ಕಾಲಕ್ಕೆ, ಒಂದು ಅಪೇಕ್ಷೆಗೆ ಸೀಮಿತವಾಗಿ ಮಾತ್ರ ಸತ್ಯವೆಂದು ಬೋಧಿಸುತ್ತದೆ. ಕಣ್ಣಿನ ಪರೀಕ್ಷೆಯ ಫಲಿತಾಂಶವು ಅಂಥದೇ ಹೇಳಿಕೆಯಾದ್ದರಿಂದ ಪರೀಕ್ಷೆ ಒಮ್ಮೆ ಆಗಿಹೋದರೆ ಸಾಲದು, ನಿಯತವಾಗಿ ಆಗುತ್ತಿರಬೇಕು.

ಪರೀಕ್ಷೆ ನಡೆಯದಿದ್ದಾಗ ಮಗುವಿಗೆ ಆಗುವ ಹಾನಿ ಕಣ್ಣಿಗಷ್ಟೇ ನಿಲ್ಲುವುದಿಲ್ಲ. ಹಲಗೆ ಕಾಣದ ಮಗು ಪಕ್ಕದವರ ವಹಿಯಿಂದ ನಕಲು ಮಾಡುತ್ತದೆ, ಸಾಲು ತಪ್ಪುತ್ತದೆ, ಕೆಲ ಕಾಲದ ನಂತರ ಪ್ರಯತ್ನವನ್ನೇ ಬಿಡುತ್ತದೆ, ಆಗ ಹಿರಿಯರ ಬಾಯಲ್ಲಿ ಬರುವ ಮಾತು ಅಭ್ಯಾಸದಾಗ ಲಕ್ಷ್ಯ ಇಲ್ಲ ಎಂಬುದು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲಿ ಅಧ್ಯಾಸವನ್ನು, ಎಂದರೆ ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೇರುವ ತಪ್ಪನ್ನು, ವಿವರಿಸುವಾಗ ಮನುಷ್ಯನು ಇಂದ್ರಿಯದ ಕುರುಡುತನ ಕಿವುಡುತನಗಳನ್ನು ತನ್ನ ಆತ್ಮಕ್ಕೇ ಅಂಟಿಸಿಕೊಂಡು ತಾನೇ ಕುರುಡ, ತಾನೇ ಕಿವುಡ ಎಂದು ಭಾವಿಸುವುದನ್ನು ಉದಾಹರಿಸುತ್ತಾರೆ. ತರಗತಿಯಲ್ಲಿ ನಡೆಯುವುದು ಅದೇ ತಪ್ಪು, ಆದರೆ ಹೇರುವವರು ಬೇರೆಯವರು. ಕಣ್ಣಿನ ದೋಷವನ್ನು ಮಗುವಿನ ಬುದ್ಧಿಯ ಮೇಲೆ, ಕೊನೆಗೆ ಅದರ ಶೀಲದ ಮೇಲೆ ಹೊರಿಸಲಾಗುತ್ತದೆ, ಮತ್ತು ಆ ತೀರ್ಪನ್ನು ಮಗುವೂ ನಂಬಿಬಿಡುತ್ತದೆ. ಕೆಲವೇ ನಿಮಿಷಗಳ ತಪಾಸಣೆಯಿಂದ ತಪ್ಪಬಹುದಾದ ಈ ಅನ್ಯಾಯವನ್ನು ಸಣ್ಣದೆಂದು ಬಗೆಯುವುದು ಯಾವ ನೀತಿಗೂ ಒಪ್ಪುವುದಿಲ್ಲ.

ಇಷ್ಟಾದರೂ ಮಗುವಿನ ಕಣ್ಣಿನ ದೋಷವನ್ನು ಪೂರ್ವಜನ್ಮದ ಕರ್ಮಕ್ಕೆ ಒಪ್ಪಿಸಿ ಸುಮ್ಮನಾಗುವ ಮನೋಭಾವ ಈ ನಾಡಿನಲ್ಲಿ ಹೊಸದಲ್ಲ, ಈ ನಾಡಿಗೆ ಮಾತ್ರ ಸೇರಿದ್ದೂ ಅಲ್ಲ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ ಏಸು ಇಬ್ಬರೂ ಅಲ್ಲವೆಂದು ಉತ್ತರಿಸಿ ಅವನ ಕಣ್ಣು ತೆರೆಸಿದ ಪ್ರಸಂಗವನ್ನು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಕರ್ಮಸಿದ್ಧಾಂತವನ್ನು ಪೂರ್ತಿಯಾಗಿ ಒಪ್ಪಿದ ಶಾಸ್ತ್ರಕಾರರು ಕೂಡ ಕೈಕಟ್ಟಿ ಕೂರಲಿಲ್ಲ ಎಂಬುದಕ್ಕೆ ಸಾಕ್ಷಿ ಇದೇ ಜಿಲ್ಲೆಯಲ್ಲಿದೆ. ಕಲಬುರಗಿ ಜಿಲ್ಲೆಯ ಮರ್ತೂರಿನೊಡನೆ ಹೆಸರು ಬೆಸೆದಿರುವ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರವೆಂಬ ವ್ಯಾಖ್ಯಾನದಲ್ಲಿ, ಅಂಧರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಅನ್ನವಸ್ತ್ರಗಳ ರಕ್ಷಣೆ ಮಾತ್ರ ಉಂಟು ಎಂಬ ಸ್ಮೃತಿವಚನವನ್ನು ಚರ್ಚಿಸುತ್ತಾನೆ. ಆ ನಿಯಮ ಕಠೋರವಾದದ್ದು, 1928ರ ಕಾಯಿದೆಯೊಂದು ಅಂಥ ದೈಹಿಕ ಕಾರಣಗಳಿಂದ ಉತ್ತರಾಧಿಕಾರ ತಪ್ಪಿಸುವುದನ್ನು ಬಹುಮಟ್ಟಿಗೆ ಕೊನೆಗೊಳಿಸಿದ್ದು ನ್ಯಾಯವೇ ಆಗಿತ್ತು. ಆದರೆ ಪಾಲು ಹಂಚಿಹೋದ ಮೇಲೆ ಕೂಡ ಔಷಧಾದಿಗಳಿಂದ ದೋಷ ನಿವಾರಣೆಯಾದರೆ ಆ ವ್ಯಕ್ತಿಗೆ ಪಾಲು ಸಲ್ಲಬೇಕೆಂದು ವಿಜ್ಞಾನೇಶ್ವರ ಸ್ಪಷ್ಟವಾಗಿ ನುಡಿಯುತ್ತಾನೆ. ಕಾಣದಿರುವುದು ಹಣೆಬರಹವೆಂದು ಅವನು ಭಾವಿಸಿದ್ದರೆ ಈ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಅವನ ದೃಷ್ಟಿಯಲ್ಲಿ ಅದು ಬದಲಾಗಬಲ್ಲ ಸ್ಥಿತಿ, ಬದಲಾದೊಡನೆ ಹಕ್ಕು ಮರಳುವ ಸ್ಥಿತಿ. ಹನ್ನೊಂದು ಹನ್ನೆರಡನೆಯ ಶತಮಾನದ ಸನಾತನಿ ನ್ಯಾಯಶಾಸ್ತ್ರಿಯೊಬ್ಬನಿಗೆ ಹೊಳೆದದ್ದು ಇಂದಿನವರಿಗೆ ಹೊಳೆಯದಿದ್ದರೆ ಅದಕ್ಕೆ ಶಾಸ್ತ್ರವನ್ನು ದೂರುವಂತಿಲ್ಲ.

ಶರಣ ಪರಂಪರೆಯು ಇನ್ನೂ ಮುಂದೆ ಹೋಗುತ್ತದೆ. ಷಟ್‌ಸ್ಥಲ ಸಿದ್ಧಾಂತದಲ್ಲಿ ಒಂದೇ ಲಿಂಗವು ಆರು ಲಿಂಗಗಳಾಗಿ ವಿಸ್ತರಿಸಿ ಆರು ಇಂದ್ರಿಯಗಳಲ್ಲಿ ನೆಲೆಗೊಳ್ಳುತ್ತದೆ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ಚರ್ಮದಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಕಣ್ಣಿಗೆ ಎದುರಾದ ರೂಪವನ್ನು ಭಕ್ತನು ಮೊದಲು ಶಿವಲಿಂಗಕ್ಕೆ ಅರ್ಪಿಸಿ ಆಮೇಲೆ ಪ್ರಸಾದವಾಗಿ ಸ್ವೀಕರಿಸಬೇಕೆಂಬುದು ಈ ಸಿದ್ಧಾಂತದ ತಾತ್ಪರ್ಯ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿ ನೆಟ್ಟು ನೋಡುವ ಪೂಜೆಯೂ ಕಣ್ಣನ್ನೇ ಸಾಧನೆಯ ಅಂಗವಾಗಿಸುತ್ತದೆ. ದೇಹವು ಮಾಯೆಯ ಮೂಟೆಯೆಂದು ತಿರಸ್ಕರಿಸುವ ಮಾರ್ಗಗಳಿಗೆ ಮಗುವಿನ ಕಣ್ಣು ಒಂದು ಲೌಕಿಕ ವಿಷಯ ಮಾತ್ರವಾಗಬಹುದು, ಇಂದ್ರಿಯವೇ ಲಿಂಗದ ನೆಲೆ ಎಂದು ನಂಬಿದ ಮಾರ್ಗಕ್ಕೆ ಅದು ಹಾಗಾಗಲಾರದು. ಅಲ್ಲಿ ಕಣ್ಣಿನ ಆರೈಕೆಯನ್ನು ಪೂಜೆಯ ಪರಿಕರಗಳನ್ನು ಶುಚಿಯಾಗಿಡುವ ಕೆಲಸದಿಂದ ಬೇರ್ಪಡಿಸುವುದು ಕಷ್ಟ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ತಮ್ಮ ಹೊಲದ ಬೆಳೆಗೆ ಎರಗಿದ ಹಕ್ಕಿಗಳನ್ನು ಓಡಿಸದೆ, ಅವು ಕಾಳು ತಿಂದು ದಣಿವಾರಿಸಿಕೊಳ್ಳಲೆಂದು ನೀರನ್ನೂ ಇಡುತ್ತಿದ್ದರೆಂಬ ಐತಿಹ್ಯ ಈ ಭಾಗದ ಮನೆಮನೆಗೂ ಗೊತ್ತು. ಹಕ್ಕಿಗಳು ನೀರು ಬೇಡಿರಲಿಲ್ಲ, ಕಾಳು ತಿಂದವಕ್ಕೆ ನೀರಡಿಕೆ ಆಗುತ್ತದೆಂದು ಊಹಿಸಿ ಇಟ್ಟದ್ದರಲ್ಲಿ ದಾಸೋಹದ ನಿಜವಾದ ಎತ್ತರವಿದೆ. ಈ ಲೇಖನದ ಮೊದಲ ಪ್ರಶ್ನೆಗೆ ಶರಣರು ಕೊಡಬಹುದಾದ ಉತ್ತರವೂ ಅದೇ.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಹೊರಗಣ್ಣಿಗಿಂತ ಒಳಗಣ್ಣೇ ದೊಡ್ಡದೆಂದು ಅನುಭಾವಿಗಳು ಸಾರಿದ್ದಾರೆ, ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರಿಂದ ಹಿಡಿದು ಅವರ ಶಿಷ್ಯಪರಂಪರೆಯವರೆಗೆ ತತ್ವಪದಕಾರರೆಲ್ಲ ಒಳಗಿನ ಅರಿವನ್ನೇ ಹಾಡಿದ್ದಾರೆ, ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತದ ಒಂದು ಪರಂಪರೆಯನ್ನೇ ಕಟ್ಟಿದರು, ಅವರ ನಂತರ ದೃಷ್ಟಿಹೀನರೇ ಆದ ಪುಟ್ಟರಾಜ ಗವಾಯಿಗಳು ಅದನ್ನು ಬೆಳೆಸಿದರು. ಹೀಗಿರುವಾಗ ಹೊರಗಣ್ಣಿಗೆ ಇಷ್ಟು ಮಹತ್ವ ಏಕೆ ಎಂಬುದು ಆ ಆಕ್ಷೇಪ. ಕಾಣದವರ ಬದುಕು ಕಾಣುವವರ ಬದುಕಿಗಿಂತ ಕೀಳಲ್ಲ ಎಂಬುದನ್ನು ಈ ಉದಾಹರಣೆಗಳು ನಿಸ್ಸಂದೇಹವಾಗಿ ಸ್ಥಾಪಿಸುತ್ತವೆ, ಅದನ್ನು ಮರೆತು ಬರೆದ ಯಾವ ಆರೋಗ್ಯಪ್ರಚಾರವೂ ಅಂಧರಿಗೆ ಅವಮಾನ ಮಾಡುತ್ತದೆ. ಆದರೆ ಗವಾಯಿಗಳ ಹಿರಿಮೆಯ ಹಿಂದೆ ಹಾನಗಲ್ಲ ಕುಮಾರಸ್ವಾಮಿಗಳು ಇದ್ದರು, ಮಗುವಿಗೆ ಕಣ್ಣಿಲ್ಲವೆಂದು ಮೊದಲೇ ತಿಳಿದು ಅದಕ್ಕೆ ತಕ್ಕ ಶಿಕ್ಷಣವನ್ನು ಒದಗಿಸಿದರು. ಕಣ್ಣು ಎಷ್ಟು ಕಾಣುತ್ತದೆ ಎಂದು ಯಾರೂ ನೋಡದೆ ಬಿಟ್ಟ ಮಗುವಿಗೆ ಕಾಣುವವರ ಶಿಕ್ಷಣವೂ ಇಲ್ಲ, ಕಾಣದವರ ಶಿಕ್ಷಣವೂ ಇಲ್ಲ. ವಾಸಿಯಾಗದ ದೋಷವಿದ್ದರೂ ಪರೀಕ್ಷೆ ಬೇಕಾಗುವುದು ಈ ಕಾರಣಕ್ಕೆ.

ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಆ ದರ್ಗಾದ ಹಿಂದಿರುವ ಇಸ್ಲಾಮಿನ ನೀತಿಬೋಧೆಯಲ್ಲೂ ಇದೇ ಕರ್ತವ್ಯಕ್ಕೆ ಆಧಾರವಿದೆ: ಅಲ್ಲಿ ದೇಹವು ಮನುಷ್ಯನ ಸ್ವಂತ ಸೊತ್ತಲ್ಲ, ದೇವರು ಕಾಪಾಡಲು ಒಪ್ಪಿಸಿದ ಅಮಾನತ್ತು, ಎಂದರೆ ಹಿಂದಿರುಗಿಸಬೇಕಾದ ಇಡುಗಂಟು. ಕಿವಿ, ಕಣ್ಣು, ಹೃದಯ ಮೂರರ ಬಗ್ಗೆಯೂ ಮನುಷ್ಯನನ್ನು ಪ್ರಶ್ನಿಸಲಾಗುವುದೆಂಬುದು ಕುರಾನಿನ ಹದಿನೇಳನೆಯ ಅಧ್ಯಾಯದ ಒಂದು ಮಾತಿನ ಸಾರ. ಮಗು ತನ್ನ ಅಮಾನತ್ತನ್ನು ತಾನೇ ಕಾಯಲಾರದ ಕಾಲದಲ್ಲಿ ಕಾಯುವ ಹೊಣೆ ತಂದೆತಾಯಿಯದು ಎಂಬುದು ಅದರಿಂದ ಸಹಜವಾಗಿ ಹೊಮ್ಮುತ್ತದೆ.

ಈ ತಾಲ್ಲೂಕುಗಳ ತಾಯಂದಿರಿಗೆ ದೂರು ಬರುವ ಮುನ್ನವೇ ಕಾಳಜಿ ವಹಿಸುವ ತತ್ವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮಗು ಆಡಿಕೊಂಡು ಆರಾಮವಾಗಿದ್ದರೂ ಅಮಾವಾಸ್ಯೆಗೆ ಉಪ್ಪು, ಮೆಣಸಿನಕಾಯಿ ಹಿಡಿದು ನೆದರು ತೆಗೆದು ಒಲೆಗೆ ಹಾಕುವ ತಾಯಿ ರೋಗಲಕ್ಷಣಕ್ಕಾಗಿ ಕಾಯುವುದಿಲ್ಲ, ಕಾಣದ ಕೇಡು ಇರಬಹುದೆಂಬ ಶಂಕೆಯೇ ಅವಳಿಗೆ ಸಾಕಾಗುತ್ತದೆ, ತಿಂಗಳು ಬಂದರೆ ಮತ್ತೆ ತೆಗೆಯುತ್ತಾಳೆ. ಈ ಆಚರಣೆಯನ್ನು ಅಜ್ಞಾನವೆಂದು ಹಳಿಯುವುದಕ್ಕಿಂತ ಅದರೊಳಗಿನ ನಿಯತತೆಯನ್ನು ಗೌರವಿಸಿ, ಅದೇ ನಿಯತತೆ ಮಗುವಿನ ಕಣ್ಣಿಗೂ ಸಲ್ಲಲಿ ಎಂದು ಕೇಳುವುದು ಹೆಚ್ಚು ವಿವೇಕದ ದಾರಿ. ಬಿಡಬೇಕಾದ ನಂಬಿಕೆಗಳೂ ಇವೆ: ಮೆಳ್ಳೆಗಣ್ಣು ಅದೃಷ್ಟದ ಗುರುತೆಂಬುದು, ಕೆಂಪಾದ ಕಣ್ಣಿಗೆ ಎಲೆಯ ರಸವನ್ನೋ ಎದೆಹಾಲನ್ನೋ ಹಾಕುವುದು, ಚಸ್ಮಾ ಹಾಕಿದರೆ ನಂಬರ್ ಏರುತ್ತದೆಂಬುದು, ಹೆಣ್ಣುಮಗುವಿಗೆ ಚಸ್ಮಾ ಬಂದರೆ ಮದುವೆಗೆ ತೊಡಕೆಂಬುದು. ಕೊನೆಯದು ಅತ್ಯಂತ ನೋವಿನದು, ಏಕೆಂದರೆ ಅಲ್ಲಿ ದೋಷ ಗೊತ್ತಿದ್ದೂ ಮುಚ್ಚಿಡಲಾಗುತ್ತದೆ.

ಪರೀಕ್ಷೆಯ ಮೊದಲ ಹಂತ ಎಷ್ಟು ಸರಳವೆಂಬುದನ್ನು ಹತ್ತಿರದಿಂದ ನೋಡಬೇಕು. ನೆದರ್ಲೆಂಡ್ಸಿನ ನೇತ್ರವೈದ್ಯ ಹರ್ಮನ್ ಸ್ನೆಲ್ಲನ್ 1862ರಲ್ಲಿ ರೂಪಿಸಿದ ಅಕ್ಷರಪಟದ ತತ್ವವನ್ನೇ ಆಧರಿಸಿದ, ಇಂಗ್ಲಿಷಿನ ಇ ಆಕೃತಿಯೊಂದನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಮುದ್ರಿಸಿದ ಪಟವನ್ನು ಬೆಳಕಿರುವ ಗೋಡೆಗೆ ತೂಗುಹಾಕಿ, ಆರು ಮೀಟರ್ ದೂರದಲ್ಲಿ ಮಗುವನ್ನು ನಿಲ್ಲಿಸಿ, ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿಸಿ, ಆ ಆಕೃತಿಯ ಮೂರು ಕಾಲುಗಳು ಯಾವ ಕಡೆಗಿವೆ ಎಂದು ಕೈಬೆರಳುಗಳಿಂದ ತೋರಿಸಲು ಹೇಳಲಾಗುತ್ತದೆ. ಬೆರಳ ಸಂದಿಯಿಂದ ಇಣುಕದಂತೆ ನೋಡಿಕೊಳ್ಳಬೇಕು, ಕಣ್ಣು ಕಿರಿದು ಮಾಡಿಕೊಂಡರೆ ಅದನ್ನೂ ಬರೆದುಕೊಳ್ಳಬೇಕು, ಬಳಿಕ ಇನ್ನೊಂದು ಕಣ್ಣಿಗೆ ಪಟದ ಕ್ರಮ ಬಾಯಿಪಾಠವಾಗದಂತೆ ಬೇರೆ ಸಾಲನ್ನು ತೋರಿಸಬೇಕು. ಕನ್ನಡ, ಉರ್ದು, ಮರಾಠಿ, ಲಂಬಾಣಿ ಮಾತನಾಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಈ ಗಡಿಸೀಮೆಯಲ್ಲಿ ಅಕ್ಷರಜ್ಞಾನವನ್ನಾಗಲಿ ಭಾಷೆಯನ್ನಾಗಲಿ ಕೇಳದ ಈ ಪಟವು ಎಲ್ಲರನ್ನೂ ಸಮಾನವಾಗಿ ಕಾಣುತ್ತದೆ. ಇದರಲ್ಲಿ ತಪ್ಪಿದ ಮಗುವನ್ನು ನೇತ್ರ ಸಹಾಯಕರ ಬಳಿಗೆ ಕಳಿಸುವುದು ಮುಂದಿನ ಹಂತ.

ವ್ಯವಸ್ಥೆ ಇಲ್ಲವೆಂದು ಹೇಳುವಂತಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳ ನೇತ್ರ ತಪಾಸಣೆಯೂ ಉಚಿತ ಕನ್ನಡಕವೂ ಸೇರಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗೆ ಒಮ್ಮೆ ಬರಬೇಕೆಂಬ ನಿಯಮವಿದೆ. ಮನೆಮನೆಗೆ ಹೋಗಿ ಕಣ್ಣು ನೋಡುವ ರಾಜ್ಯದ ಆಶಾಕಿರಣ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಕಲಬುರಗಿಯೂ ಸೇರಿತ್ತು. ಆದರೆ ಸುಗ್ಗಿಯ ಆಚೀಚೆ ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ತಂಡ ಬಂದ ದಿನ ಊರಲ್ಲಿರುವುದಿಲ್ಲ, ಊರಿಗೆ ಮರಳಿದಾಗ ತಂಡ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಾದ ಆ ಮಕ್ಕಳೇ ಕಣ್ಣಿನ ಪಟ್ಟಿಯಿಂದಲೂ ಬಿಟ್ಟುಹೋಗುತ್ತಾರೆ. ಕೇಳಲಾರದವರಲ್ಲೂ ಕೊನೆಯ ಸಾಲಿನಲ್ಲಿ ನಿಂತವರು ಇವರು, ಇವರನ್ನು ಹೆಸರು ಹಿಡಿದು ಹುಡುಕದೆ ಯಾವ ಯೋಜನೆಯೂ ಪೂರ್ಣವಾಯಿತೆನ್ನಲು ಬರುವುದಿಲ್ಲ.

ಗುಳೆ ಹೋದವರೂ ಊರಿಗೆ ತಪ್ಪದೆ ಮರಳುವ ದಿನಗಳು ಈ ಸೀಮೆಯಲ್ಲಿ ಇವೆ: ಊರ ಜಾತ್ರೆ, ಆಳಂದದ ಉರುಸು, ದೇವಲ ಗಾಣಗಾಪುರದ ದತ್ತ ಜಯಂತಿ, ಯುಗಾದಿ. ಆ ದಿನಗಳಲ್ಲಿ ಮಠ, ದರ್ಗಾ, ದೇವಸ್ಥಾನಗಳ ಆಡಳಿತದವರು ತಾಲ್ಲೂಕು ಆಸ್ಪತ್ರೆಯ ನೇತ್ರ ವಿಭಾಗವನ್ನು ಮುಂಚಿತವಾಗಿ ಕೇಳಿಕೊಂಡು, ದಾಸೋಹದ ಅಂಗಳದಲ್ಲೇ ಮಕ್ಕಳ ಕಣ್ಣಿನ ತಪಾಸಣೆಗೆ ಜಾಗ ಮಾಡಿಕೊಡಬೇಕು. ಪ್ರತಿ ಪಾಲಕರೂ ಗುಳೆ ಹೊರಡುವ ಮುನ್ನ ಶಾಲೆಗೆ ಹೋಗಿ, ಈ ವರ್ಷ ತಮ್ಮ ಮಗುವಿನ ಎರಡೂ ಕಣ್ಣುಗಳನ್ನು ಬೇರೆ ಬೇರೆಯಾಗಿ ನೋಡಿದ್ದಾರೆಯೇ ಎಂದು ಶಿಕ್ಷಕರನ್ನು ಕೇಳಬೇಕು, ನೋಡಿಲ್ಲವೆಂದಾದರೆ ನೋಡಿಸಿಕೊಂಡೇ ಹೊರಡಬೇಕು.